ಅಗ್ಗದ ಮದ್ಯಕ್ಕೆ ಕಾನೂನಿನ ಗೆರೆ: ಸ್ಕಾಟ್ಲೆಂಡಿನ ಕನಿಷ್ಠ ಬೆಲೆ ವಿವಾದ

ಮದ್ಯವನ್ನು ಇಂತಿಷ್ಟಕ್ಕಿಂತ ಕಡಿಮೆ ಬೆಲೆಗೆ ಮಾರುವಂತಿಲ್ಲ ಎಂದು ಸರ್ಕಾರ ಕಾನೂನಿನ ಮೂಲಕವೇ ಗೆರೆ ಎಳೆಯುವುದನ್ನು ಕನಿಷ್ಠ ಬೆಲೆ ನಿಗದಿ ಎನ್ನುತ್ತಾರೆ. ಭಾರತದಲ್ಲಿ ಬಾಟಲಿಯ ಮೇಲೆ ಅಚ್ಚಾಗುವ ಎಂಆರ್‌ಪಿ ಗರಿಷ್ಠ ಬೆಲೆ. ಅದರ ಮೇಲೆ ಹತ್ತು ರೂಪಾಯಿ ಹೆಚ್ಚು ಕೇಳಿದರೆ ಗಿರಾಕಿ ಜಗಳಕ್ಕೆ ನಿಲ್ಲುತ್ತಾನೆ. ಸ್ಕಾಟ್ಲೆಂಡಿನಲ್ಲಿ ಇರುವುದು ಇದರ ತಿರುವುಮುರುವು. ಅಲ್ಲಿ ಅಂಗಡಿಯವನು ಎಷ್ಟು ಹೆಚ್ಚಿಗೆ ಬೇಕಾದರೂ ಮಾರಬಹುದು, ಕಾನೂನು ಹೇಳಿದ್ದಕ್ಕಿಂತ ಕಡಿಮೆಗೆ ಕೊಡುವಂತಿಲ್ಲ. 2018ರ ಮೇ 1ರಂದು ಈ ನಿಯಮ ಜಾರಿಗೆ ಬಂತು. ಪಾನೀಯದಲ್ಲಿರುವ ಮದ್ಯಸಾರದ ಪ್ರಮಾಣಕ್ಕೇ ಬೆಲೆಯನ್ನು ಗಂಟು ಹಾಕಿ, ಎಲ್ಲ ಬಗೆಯ ಮದ್ಯಕ್ಕೂ ಒಂದೇ ಲೆಕ್ಕವನ್ನು ನಾಡಿನಾದ್ಯಂತ ಜಾರಿಗೊಳಿಸಿದ್ದರಲ್ಲಿ ಸ್ಕಾಟ್ಲೆಂಡೇ ಮೊದಲು.

ಲೆಕ್ಕ ಸರಳವಾಗಿದೆ. ಬ್ರಿಟನ್ನಿನಲ್ಲಿ 10 ಮಿಲಿಲೀಟರ್ ಶುದ್ಧ ಮದ್ಯಸಾರವನ್ನು ಒಂದು ಯೂನಿಟ್ ಎಂದು ಎಣಿಸುತ್ತಾರೆ. ಆರಂಭದಲ್ಲಿ ಯೂನಿಟ್ಟಿಗೆ 50 ಪೆನ್ಸ್ ಎಂದು ನಿಗದಿಯಾಯಿತು. ಶೇಕಡಾ 40ರ ಕಡುತನದ 700 ಮಿಲಿಲೀಟರ್ ವಿಸ್ಕಿಯಲ್ಲಿ 280 ಮಿಲಿಲೀಟರ್ ಮದ್ಯಸಾರ, ಅಂದರೆ 28 ಯೂನಿಟ್ ಇರುತ್ತದೆ. ಹಾಗಾಗಿ ಆ ಬಾಟಲಿಯನ್ನು 14 ಪೌಂಡಿಗಿಂತ ಕಡಿಮೆಗೆ ಮಾರುವಂತಿಲ್ಲ. ಶೇಕಡಾ 4ರ ಅರ್ಧ ಲೀಟರ್ ಬಿಯರಿನಲ್ಲಿ ಎರಡು ಯೂನಿಟ್, ಕನಿಷ್ಠ ಬೆಲೆ ಒಂದು ಪೌಂಡ್. ಶೇಕಡಾ 12.5ರ ವೈನ್ ಬಾಟಲಿಗೆ 4 ಪೌಂಡ್ 69 ಪೆನ್ಸ್. ಕರ್ನಾಟಕದ ಯಾವುದೇ ವೈನ್‌ಶಾಪಿನಲ್ಲಿ ಸಿಗುವ ಶೇಕಡಾ 42.8ರ ಕ್ವಾರ್ಟರ್ ವಿಸ್ಕಿಗೆ, ಅಂದರೆ 180 ಮಿಲಿಲೀಟರಿಗೆ, ಇದೇ ಲೆಕ್ಕ ಹಚ್ಚಿದರೆ ಅದರಲ್ಲಿ 7.7 ಯೂನಿಟ್ ಇದೆ ಎಂದಾಗುತ್ತದೆ.

ಈ ಅಂಕಿಗಳನ್ನು ನೋಡಿದ ಸಾಮಾನ್ಯ ಸ್ಕಾಟಿಷ್ ಗಿರಾಕಿಗೆ ಹೆಚ್ಚೇನೂ ಬದಲಾವಣೆ ಕಾಣಿಸಲಿಲ್ಲ. ಪಬ್ಬಿನಲ್ಲಿ ಕುಳಿತು ಕುಡಿಯುವ ಬಿಯರ್ ಮೊದಲಿನಿಂದಲೂ ಈ ಗೆರೆಗಿಂತ ಬಹಳ ಮೇಲಿತ್ತು. ಹಳೆಯ ಸಿಂಗಲ್ ಮಾಲ್ಟ್ ವಿಸ್ಕಿಯ ಬೆಲೆ ಒಂದು ಪೆನ್ಸೂ ಏರಲಿಲ್ಲ. ಪೆಟ್ಟು ಬಿದ್ದದ್ದು ಬೇರೆ ಕಡೆ. ಸೂಪರ್‌ಮಾರ್ಕೆಟ್ಟುಗಳಲ್ಲಿ ಮೂರು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ‘ವೈಟ್ ಸೈಡರ್’ ಎಂಬ ಪಾನೀಯ ಸಿಗುತ್ತಿತ್ತು. ಹೆಸರಿಗೆ ಸೇಬಿನ ಮದ್ಯ, ಕಡುತನ ಶೇಕಡಾ 7.5ರಷ್ಟು. ಇಂಥ ಒಂದೇ ಬಾಟಲಿಯಲ್ಲಿ 22.5 ಯೂನಿಟ್ ಇರುತ್ತದೆ. ಬ್ರಿಟನ್ನಿನ ವೈದ್ಯಾಧಿಕಾರಿಗಳು ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 14 ಯೂನಿಟ್. ವಾರದ ಮಿತಿಯನ್ನು ಮೀರಿದ ಈ ಬಾಟಲಿಯ ಬೆಲೆ ಸುಮಾರು ನಾಲ್ಕು ಪೌಂಡ್ ಇತ್ತು. ಹೊಸ ಕಾನೂನಿನಡಿ ಅದೇ ಬಾಟಲಿ 11 ಪೌಂಡ್ 25 ಪೆನ್ಸ್ ಆಯಿತು. ಸೂಪರ್‌ಮಾರ್ಕೆಟ್ಟುಗಳು ತಮ್ಮದೇ ಹೆಸರಿನಲ್ಲಿ ಮಾರುವ ಅಗ್ಗದ ವೋಡ್ಕಾ, ಜಿನ್‌ಗಳೂ ಇದೇ ಬಲೆಗೆ ಬಿದ್ದವು. ಕಾನೂನಿನ ಗುರಿ ಮದ್ಯವಲ್ಲ, ಅಗ್ಗದ ಕಡು ಮದ್ಯ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪರ ವಿರೋಧದ ವಾದಗಳೆಲ್ಲ ಹುಟ್ಟುವುದೂ ಇಲ್ಲಿಂದಲೇ: ಅಗ್ಗದ ಕಡು ಮದ್ಯವನ್ನು ಕೊಳ್ಳುವವರು ಯಾರು, ಅವರು ತೆರುವ ಹೆಚ್ಚುವರಿ ಹಣ ಯಾರ ಕೈ ಸೇರುತ್ತದೆ?

ಸ್ಕಾಟ್ಲೆಂಡ್ ಇಂಥ ಪ್ರಯೋಗಕ್ಕೆ ಇಳಿದದ್ದಕ್ಕೆ ಕಾರಣವಿತ್ತು. ಸುಮಾರು 50 ಲಕ್ಷ ಜನರ ಆ ನಾಡಿನಲ್ಲಿ 1990ರ ದಶಕದಲ್ಲಿ ಕುಡಿತದ ಸಾವುಗಳು ಏರುತ್ತಾ ಹೋದವು. 2006ರಲ್ಲಿ, ಮದ್ಯವೇ ನೇರ ಕಾರಣವೆಂದು ದಾಖಲಾದ ಸಾವುಗಳ ಸಂಖ್ಯೆ 1,417ಕ್ಕೆ ಮುಟ್ಟಿತು. ಇವುಗಳಲ್ಲಿ ಹೆಚ್ಚಿನವು ಲಿವರ್ ಕೆಟ್ಟು ಆದ ಸಾವುಗಳು. ಇನ್ನೊಂದೆಡೆ ಜನ ಪಬ್ಬು ಬಿಟ್ಟು ಮನೆಯಲ್ಲಿ ಕುಡಿಯತೊಡಗಿದ್ದರು. ಕಾನೂನು ಬರುವ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ ಮಾರಾಟವಾಗುತ್ತಿದ್ದ ಮದ್ಯಸಾರದಲ್ಲಿ ಮುಕ್ಕಾಲು ಪಾಲಿನ ಹತ್ತಿರ ಹತ್ತಿರ ಅಂಗಡಿ ಮತ್ತು ಸೂಪರ್‌ಮಾರ್ಕೆಟ್ಟುಗಳಿಂದಲೇ ಮನೆಗೆ ಹೋಗುತ್ತಿತ್ತು. ಗಿರಾಕಿಯನ್ನು ಒಳಗೆ ಕರೆತರಲು ದೊಡ್ಡ ಅಂಗಡಿಗಳು ಬಿಯರನ್ನೂ ವೈನನ್ನೂ ಲಾಭವಿಲ್ಲದೆ, ಕೆಲವೊಮ್ಮೆ ನಷ್ಟಕ್ಕೇ ಮಾರುತ್ತಿದ್ದವು. ಬಂದವನು ಬ್ರೆಡ್ಡು, ಮಾಂಸ, ಸಾಬೂನು ಕೊಂಡಾಗ ನಷ್ಟ ತುಂಬಿಕೊಳ್ಳುತ್ತಿತ್ತು. ಒಂದರ ಜತೆ ಒಂದು ಅಗ್ಗ ಎಂಬ ಆಫರುಗಳನ್ನು 2011ರಲ್ಲಿ ನಿಷೇಧಿಸಲಾಯಿತು. ಅದರಿಂದ ಬಿಡಿ ಬಾಟಲಿಯ ಬೆಲೆಯನ್ನೇ ಇಳಿಸುವುದಕ್ಕೆ ತಡೆ ಬೀಳಲಿಲ್ಲ. ಕುಡಿತದ ಸಾವು ಎಲ್ಲ ಕಡೆ ಸಮನಾಗಿಯೂ ಇರಲಿಲ್ಲ. ಗ್ಲಾಸ್ಗೋದಂಥ ನಗರಗಳ ಬಡ ಬಡಾವಣೆಗಳಲ್ಲಿ ಅದು ದಟ್ಟವಾಗಿತ್ತು. ಇಂದಿಗೂ ಸ್ಕಾಟ್ಲೆಂಡಿನ ಅತಿ ಬಡ ಪ್ರದೇಶಗಳಲ್ಲಿ ಕುಡಿತದಿಂದ ಸಾಯುವವರ ಪ್ರಮಾಣ ಸ್ಥಿತಿವಂತ ಪ್ರದೇಶಗಳಿಗಿಂತ ನಾಲ್ಕು ಪಟ್ಟಿನ ಆಸುಪಾಸಿನಲ್ಲಿದೆ.

ಬೆಲೆ ಏರಿಸುವುದೇ ಗುರಿಯಾದರೆ ಸುಂಕ ಹೆಚ್ಚಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಭಾರತದಲ್ಲಿ ಹಾಗೆಯೇ ನಡೆಯುತ್ತದೆ. ಮದ್ಯದ ಮೇಲಿನ ಅಬಕಾರಿ ಸುಂಕ ಸಂವಿಧಾನದ ಪ್ರಕಾರ ರಾಜ್ಯಗಳ ಅಧಿಕಾರ. ಕರ್ನಾಟಕದಲ್ಲಿ ಬಜೆಟ್ ಬಂತೆಂದರೆ ಅಬಕಾರಿ ಸ್ಲ್ಯಾಬುಗಳ ಸುದ್ದಿ ಇದ್ದೇ ಇರುತ್ತದೆ, ಏರಿದ ಬೆಲೆಯ ದೊಡ್ಡ ಪಾಲು ಖಜಾನೆ ಸೇರುತ್ತದೆ. ಸ್ಕಾಟ್ಲೆಂಡಿನ ಪಾರ್ಲಿಮೆಂಟಿಗೆ ಆ ಅಧಿಕಾರ ಇಲ್ಲ. ಮದ್ಯದ ಸುಂಕ ಲಂಡನ್ನಿನ ಕೈಯಲ್ಲಿದೆ. ಎಡಿನ್‌ಬರೋಗೆ ಸಿಕ್ಕಿರುವುದು ಆರೋಗ್ಯ ಮತ್ತು ಲೈಸೆನ್ಸಿನ ಅಧಿಕಾರ ಮಾತ್ರ, ಅದನ್ನು ಬಳಸಿಕೊಂಡೇ ಕನಿಷ್ಠ ಬೆಲೆಯ ದಾರಿ ಹುಡುಕಿದ್ದು. ಸುಂಕಕ್ಕೆ ತನ್ನದೇ ಆದ ತೊಡಕುಗಳೂ ಇದ್ದವು. ಸುಂಕ ಏರಿದರೆ ದೊಡ್ಡ ಅಂಗಡಿ ಅದನ್ನು ತಾನೇ ನುಂಗಿಕೊಂಡು ಹಳೆಯ ಬೆಲೆಗೇ ಮಾರಬಹುದು. ಸೈಡರಿನ ಮೇಲಿನ ಸುಂಕ ಆಗ ಕಡುತನಕ್ಕಿಂತ ಹೆಚ್ಚಾಗಿ ಲೀಟರಿನ ಲೆಕ್ಕದ ಮೇಲೆ ನಿಂತಿತ್ತು, ಆದ್ದರಿಂದಲೇ ಕಡು ಸೈಡರ್ ಅಷ್ಟು ಅಗ್ಗವಾಗಿ ಸಿಗುತ್ತಿದ್ದದ್ದು.

ಆದರೆ ಈ ದಾರಿ ಹಿಡಿದದ್ದರ ಬೆಲೆಯನ್ನೂ ತೆರಬೇಕಾಯಿತು. ಕನಿಷ್ಠ ಬೆಲೆಯಿಂದ ಬರುವ ಹೆಚ್ಚುವರಿ ಹಣ ಸರ್ಕಾರಕ್ಕೆ ಹೋಗುವುದಿಲ್ಲ. ನಾಲ್ಕು ಪೌಂಡಿನ ಬಾಟಲಿ ಹನ್ನೊಂದು ಪೌಂಡ್ ಆದಾಗ ನಡುವಿನ ಏಳು ಪೌಂಡಿನಲ್ಲಿ ಮಾರಾಟ ತೆರಿಗೆಯ ಪಾಲು ಕಳೆದು ಉಳಿದದ್ದು ಅಂಗಡಿಯ ಗಲ್ಲಾಪೆಟ್ಟಿಗೆಗೂ ತಯಾರಕನಿಗೂ ಸೇರುತ್ತದೆ. ಲಂಡನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್‌ನ ಅರ್ಥಶಾಸ್ತ್ರಜ್ಞರು ಎತ್ತಿದ ಮುಖ್ಯ ಆಕ್ಷೇಪ ಇದೇ ಆಗಿತ್ತು. ಸುಂಕದ ರಚನೆಯನ್ನೇ ಸರಿಪಡಿಸಿ ಕಡುತನಕ್ಕೆ ತಕ್ಕಂತೆ ತೆರಿಗೆ ಹಾಕಿದರೆ ಅದೇ ಪರಿಣಾಮ ಸಿಗುತ್ತದೆ, ಹಣವೂ ಖಜಾನೆಗೆ ಬರುತ್ತದೆ ಎಂದು ಅವರು ವಾದಿಸಿದರು. ಈ ಆಕ್ಷೇಪಕ್ಕೆ ಇವತ್ತಿನವರೆಗೂ ಸಮರ್ಪಕ ಉತ್ತರ ಸಿಕ್ಕಿಲ್ಲ.

ಕಾನೂನಿಗೆ ಬೇಕಾದ ಆಧಾರ ಮುಖ್ಯವಾಗಿ ಬಂದದ್ದು ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರ ಗಣಿತ ಮಾದರಿಯಿಂದ. ಯಾವ ವರ್ಗದ ಜನ ಯಾವ ಮದ್ಯವನ್ನು ಯಾವ ಬೆಲೆಗೆ ಕೊಳ್ಳುತ್ತಾರೆ ಎಂಬ ಸಮೀಕ್ಷೆಯ ಅಂಕಿಗಳನ್ನು ಜೋಡಿಸಿ, ಬೆಲೆ ಏರಿದರೆ ಯಾರು ಎಷ್ಟು ಕಡಿಮೆ ಕುಡಿಯುತ್ತಾರೆ, ಎಷ್ಟು ಸಾವು ತಪ್ಪುತ್ತದೆ ಎಂದು ಅವರು ಅಂದಾಜು ಮಾಡಿದ್ದರು. ವಿಪರೀತ ಕುಡಿಯುವವರೇ ಅಗ್ಗದ ಸರಕನ್ನು ಹೆಚ್ಚಾಗಿ ಕೊಳ್ಳುವುದರಿಂದ ಪೆಟ್ಟು ಅವರಿಗೇ ತಟ್ಟುತ್ತದೆ, ಹಿತಮಿತವಾಗಿ ಕುಡಿಯುವವರಿಗೆ ಅಷ್ಟಾಗಿ ತಟ್ಟುವುದಿಲ್ಲ ಎಂಬುದು ಅದರ ತಿರುಳು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಮತ್ತು ಸಸ್ಕಾಚವಾನ್ ಪ್ರಾಂತ್ಯಗಳ ಅನುಭವವೂ ಜತೆಗಿತ್ತು. ಬ್ರಿಟಿಷ್ ಕೊಲಂಬಿಯಾದಲ್ಲಿ ಕನಿಷ್ಠ ಬೆಲೆ ಶೇಕಡಾ 10ರಷ್ಟು ಏರಿದಾಗ ಮದ್ಯ ಬಳಕೆ ಶೇಕಡಾ 3.4ರಷ್ಟು ಇಳಿದಿತ್ತು ಎಂದು ಟಿಮ್ ಸ್ಟಾಕ್‌ವೆಲ್ ಮತ್ತು ಸಂಗಡಿಗರು ತೋರಿಸಿದ್ದರು. ವಿರೋಧಿಗಳಿಗೆ ಇದಾವುದೂ ಒಪ್ಪಿಗೆಯಾಗಲಿಲ್ಲ. ಗಣಿತ ಮಾದರಿಯೆಂದರೆ ಊಹೆಯನ್ನೇ ಅಂಕಿಗಳಲ್ಲಿ ಬರೆದದ್ದು, ಚಟಕ್ಕೆ ಬಿದ್ದವನು ಬೆಲೆ ನೋಡುವುದಿಲ್ಲ ಎಂದು ಮುಕ್ತ ಮಾರುಕಟ್ಟೆಯ ಪರವಾದ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಅಫೇರ್ಸ್ ವಾದಿಸುತ್ತಾ ಬಂತು.

ರಾಜಕೀಯದಲ್ಲಿ ಮೊದಲ ಪ್ರಯತ್ನ ಸೋತಿತು. 2010ರಲ್ಲಿ ಆಡಳಿತದಲ್ಲಿದ್ದ ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ ಬಹುಮತ ಇರಲಿಲ್ಲ, ಮಸೂದೆಯಿಂದ ಈ ಅಂಶವನ್ನು ವಿರೋಧ ಪಕ್ಷಗಳು ಕಿತ್ತುಹಾಕಿದವು. 2011ರ ಚುನಾವಣೆಯಲ್ಲಿ ಬಹುಮತ ಬಂದ ಮೇಲೆ ಆರೋಗ್ಯ ಸಚಿವೆ ನಿಕೋಲಾ ಸ್ಟರ್ಜನ್ ಮತ್ತೆ ಮಸೂದೆ ತಂದರು, 2012ರ ಮೇ 24ರಂದು ಅದು ಅಂಗೀಕಾರವಾಯಿತು. ವಿರುದ್ಧ ಬಿದ್ದದ್ದು ಒಂದೇ ಮತ. ಲೇಬರ್ ಪಕ್ಷ ತಟಸ್ಥವಾಗಿ ಉಳಿಯಿತು. ಆದರೂ ಸದಸ್ಯರು ಒಂದು ಷರತ್ತನ್ನು ಸೇರಿಸಿದ್ದರು. ಜಾರಿಯಾದ ಆರು ವರ್ಷಕ್ಕೆ ಕಾನೂನು ತಾನಾಗಿಯೇ ರದ್ದಾಗಬೇಕು. ಮುಂದುವರಿಯಬೇಕಾದರೆ ಫಲಿತಾಂಶ ಮುಂದಿಟ್ಟುಕೊಂಡು ಪಾರ್ಲಿಮೆಂಟು ಮತ್ತೆ ಮತ ಹಾಕಬೇಕು. ಆರೋಗ್ಯದ ಕಾನೂನುಗಳಲ್ಲಿ ಇಂಥ ಷರತ್ತು ಅಪರೂಪ. ಈ ಕಾನೂನಿನ ಪರಿಣಾಮವನ್ನು ಅಷ್ಟು ಕೂಲಂಕಷವಾಗಿ ಅಳೆಯಲು ಸಾಧ್ಯವಾದದ್ದೂ ಅದರಿಂದಲೇ.

ಜಾರಿಗೆ ಮತ್ತೆ ಆರು ವರ್ಷ ಹಿಡಿಯಿತು. ಸ್ಕಾಚ್ ವಿಸ್ಕಿ ಅಸೋಸಿಯೇಷನ್, ಯುರೋಪಿನ ಇತರ ಮದ್ಯ ತಯಾರಕರ ಸಂಘಟನೆಗಳ ಜತೆ ಕೋರ್ಟಿಗೆ ಹೋಯಿತು. ಮೇಲುನೋಟಕ್ಕೆ ಇದು ವಿಚಿತ್ರ. ಸ್ಕಾಚ್ ವಿಸ್ಕಿಯಲ್ಲಿ ಬಹುಪಾಲು ರಫ್ತಾಗುತ್ತದೆ, ದುಬಾರಿ ಬ್ರಾಂಡುಗಳಿಗೆ ಸ್ವದೇಶದಲ್ಲೂ ಏಟು ಬೀಳುವಂತಿರಲಿಲ್ಲ. ಉದ್ಯಮದ ಅಂಜಿಕೆ ಹೊರದೇಶಗಳದ್ದು. ಆರೋಗ್ಯದ ಹೆಸರಿನಲ್ಲಿ ಬೆಲೆಯ ಗೆರೆ ಎಳೆಯಬಹುದೆಂದು ತವರಿನಲ್ಲೇ ಒಪ್ಪಿಬಿಟ್ಟರೆ ನಾಳೆ ಬೇರೆ ಸರ್ಕಾರಗಳು ಅದೇ ನೆಪದಲ್ಲಿ ಸ್ಕಾಚಿಗೆ ಅಡ್ಡಗಟ್ಟೆ ಕಟ್ಟಬಹುದು ಎಂಬ ಲೆಕ್ಕಾಚಾರ. ಇಲ್ಲೊಂದು ಬೆಂಗಳೂರಿನ ನಂಟೂ ಇದೆ: ಕಾನೂನು ಅಂಗೀಕಾರವಾದಾಗ ಗ್ಲಾಸ್ಗೋದ ಹಳೆಯ ವಿಸ್ಕಿ ಕಂಪನಿ ವೈಟ್ ಅಂಡ್ ಮೆಕೈ, ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಒಡೆತನದಲ್ಲಿತ್ತು. 2007ರಲ್ಲಿ ಕೊಂಡ ಅದನ್ನು ಯುನೈಟೆಡ್ ಸ್ಪಿರಿಟ್ಸ್ 2014ರಲ್ಲಿ ಮಾರಿತು.

ಕೋರ್ಟಿನ ಮುಂದಿದ್ದ ಪ್ರಶ್ನೆ ಕುಡಿತ ಒಳ್ಳೆಯದೋ ಕೆಟ್ಟದ್ದೋ ಎಂಬುದಲ್ಲ. ಕನಿಷ್ಠ ಬೆಲೆಯಿಂದ ಅಗ್ಗವಾಗಿ ತಯಾರಿಸುವ ಹೊರದೇಶದವನ ಅನುಕೂಲ ತಪ್ಪಿಹೋಗುತ್ತದೆ, ಹಾಗಾಗಿ ಯುರೋಪಿಯನ್ ಒಕ್ಕೂಟದ ಮುಕ್ತ ವ್ಯಾಪಾರದ ನಿಯಮಕ್ಕೆ ಅದು ವಿರುದ್ಧ ಎಂಬುದು ಕಂಪನಿಗಳ ವಾದ. 2015ರ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಅರ್ಧ ಅವರಿಗೂ ಅರ್ಧ ಸರ್ಕಾರಕ್ಕೂ ಒಲಿದಂಥ ತೀರ್ಪು ಕೊಟ್ಟಿತು: ಇದು ವ್ಯಾಪಾರಕ್ಕೆ ಅಡ್ಡಿ ಹೌದು, ಆದರೆ ಸುಂಕದಂಥ ಹಗುರ ಕ್ರಮದಿಂದ ಅದೇ ಫಲ ಸಿಗುವುದಿಲ್ಲ ಎಂದಾದರೆ ಆರೋಗ್ಯದ ಕಾರಣಕ್ಕೆ ಸಮರ್ಥಿಸಿಕೊಳ್ಳಬಹುದು, ಅದನ್ನು ಆ ದೇಶದ ಕೋರ್ಟೇ ನೋಡಲಿ. 2017ರ ನವೆಂಬರ್ 15ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಒಮ್ಮತದಿಂದ ಕಾನೂನನ್ನು ಎತ್ತಿಹಿಡಿದರು. ಸುಂಕ ಏರಿಸಿದರೆ ಕುಡಿಯುವವರೆಲ್ಲರಿಗೂ ಭಾರ ಬೀಳುತ್ತದೆ, ಅಗ್ಗದ ಮದ್ಯವನ್ನಷ್ಟೇ ಗುರಿಯಿಡಲು ಕನಿಷ್ಠ ಬೆಲೆಯೇ ಸೂಕ್ತ ಎಂಬ ಸರ್ಕಾರದ ವಾದಕ್ಕೆ ಅಲ್ಲಿ ಮನ್ನಣೆ ಸಿಕ್ಕಿತು.

ಜಾರಿಯಾದ ಕೂಡಲೇ ಅಂಗಡಿಗಳ ಕಪಾಟುಗಳಲ್ಲಿ ಬದಲಾವಣೆ ಕಂಡಿತು. ಮೂರು ಲೀಟರಿನ ಸೈಡರ್ ಬಾಟಲಿಗೆ ಗಿರಾಕಿಗಳೇ ಇಲ್ಲವಾಗಿ ಅದು ಹೆಚ್ಚುಕಡಿಮೆ ಕಣ್ಮರೆಯಾಯಿತು. ಅಂಗಡಿಯ ಸ್ವಂತ ವೋಡ್ಕಾಕ್ಕೂ ಹೆಸರಾಂತ ಬ್ರಾಂಡಿಗೂ ಇದ್ದ ಬೆಲೆಯ ಅಂತರ ಕಿರಿದಾಯಿತು. ಸ್ವಾರಸ್ಯವೆಂದರೆ, ಸ್ಕಾಟ್ಲೆಂಡಿನ ಪಶ್ಚಿಮ ಭಾಗದಲ್ಲಿ ಬೀದಿ ಗಲಾಟೆ ಎಂದಾಗಲೆಲ್ಲ ಪತ್ರಿಕೆಗಳು ಹೆಸರಿಸುತ್ತಿದ್ದ ‘ಬಕ್‌ಫಾಸ್ಟ್’ ಎಂಬ ಟಾನಿಕ್ ವೈನಿಗೆ ಏನೂ ಆಗಲಿಲ್ಲ. ಇಂಗ್ಲೆಂಡಿನ ಡೆವನ್‌ನಲ್ಲಿರುವ ಕ್ರೈಸ್ತ ಸನ್ಯಾಸಿಗಳ ಮಠದಲ್ಲಿ ತಯಾರಾಗುವ ಅದರ ಬಾಟಲಿಯಲ್ಲಿ 11.25 ಯೂನಿಟ್ ಇದ್ದು, ಕನಿಷ್ಠ ಬೆಲೆ 5 ಪೌಂಡ್ 63 ಪೆನ್ಸ್ ಆಗುತ್ತಿತ್ತು. ಅದು ಮೊದಲೇ ಅದಕ್ಕಿಂತ ದುಬಾರಿಯಾಗಿ ಮಾರಾಟವಾಗುತ್ತಿತ್ತು. ಕುಡಿದು ರಂಪ ಮಾಡುವವರನ್ನು ಹಿಡಿಯುವ ಕಾನೂನು ಇದು ಎಂದುಕೊಂಡಿದ್ದವರಿಗೆ ನಿರಾಸೆಯಾಗಿರಬೇಕು.

ಫಲಿತಾಂಶದ ವರದಿಯನ್ನು ಪಬ್ಲಿಕ್ ಹೆಲ್ತ್ ಸ್ಕಾಟ್ಲೆಂಡ್ ಸಂಸ್ಥೆ 2023ರ ಜೂನಿನಲ್ಲಿ ಪ್ರಕಟಿಸಿತು. ಒಟ್ಟು ಮದ್ಯ ಬಳಕೆ ಸುಮಾರು ಶೇಕಡಾ 3ರಷ್ಟು ಇಳಿದಿತ್ತು. 2020ರ ಕೊನೆಯವರೆಗಿನ ಅಂಕಿಗಳ ಪ್ರಕಾರ, ಮದ್ಯದಿಂದಲೇ ಆಗುವ ಸಾವುಗಳು ಕಾನೂನು ಇಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಶೇಕಡಾ 13.4ರಷ್ಟು ಕಡಿಮೆ, ಅಂದರೆ ವರ್ಷಕ್ಕೆ ಸರಾಸರಿ 156 ಸಾವು ತಪ್ಪಿದಂತೆ. ಆಸ್ಪತ್ರೆ ಸೇರುವವರ ಸಂಖ್ಯೆ ಶೇಕಡಾ 4.1ರಷ್ಟು ಇಳಿದಿದೆ ಎಂದು ಅಂದಾಜಾಯಿತು. ಈ ಎರಡನೆಯ ಅಂಕಿ ಮಾತ್ರ ಅಷ್ಟು ಗಟ್ಟಿಯಲ್ಲ, ಆಕಸ್ಮಿಕ ಏರಿಳಿತ ಇರಬಹುದೆಂಬುದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಇಳಿಕೆ ಹೆಚ್ಚಾಗಿ ಕಂಡದ್ದು ಬಹುಕಾಲದ ಕುಡಿತದಿಂದ ಬರುವ ಲಿವರಿನ ಕಾಯಿಲೆಗಳಲ್ಲಿ, ಪುರುಷರಲ್ಲಿ ಮತ್ತು ಬಡ ಪ್ರದೇಶಗಳಲ್ಲಿ.

ಇಲ್ಲಿ ‘ಇಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ’ ಎಂಬ ಮಾತು ಮುಖ್ಯ. ಕಾನೂನು ಬರುವ ಮುಂಚಿನ 2017ರಲ್ಲಿ ಸ್ಕಾಟ್ಲೆಂಡಿನಲ್ಲಿ ಕುಡಿತದ ಸಾವು 1,120. 2019ರಲ್ಲಿ ಅದು 1,020ಕ್ಕೆ ಇಳಿದಾಗ ಬೆಂಬಲಿಗರು ಹಿಗ್ಗಿದರು. ಕೋವಿಡ್ ಬಂತು, 2020ರಲ್ಲಿ 1,190 ಆಯಿತು, 2023ರ ಹೊತ್ತಿಗೆ 1,277. ಜೀವ ಉಳಿಸುವ ಕಾನೂನು ಬಂದ ಮೇಲೆ ಸಾವು ಹೆಚ್ಚಾಯಿತಲ್ಲ ಎಂದು ವಿರೋಧಿಗಳು ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಸಂಶೋಧಕರು ಇದಕ್ಕೆ ಇಂಗ್ಲೆಂಡನ್ನು ಹೋಲಿಕೆಗೆ ಇಟ್ಟುಕೊಂಡರು. ಅದೇ ಸಾಂಕ್ರಾಮಿಕ, ಅದೇ ಲಾಕ್‌ಡೌನ್, ಕನಿಷ್ಠ ಬೆಲೆ ಮಾತ್ರ ಇಲ್ಲ. ಅಲ್ಲಿ ಸಾವಿನ ಏರಿಕೆ ಇನ್ನೂ ಕಡಿದಾಗಿತ್ತು. ಈ ತರ್ಕ ಸರಿಯಾದದ್ದೇ. ಆದರೆ ಆಗದೇ ಉಳಿದ ಸಾವನ್ನು ಯಾರೂ ಕಣ್ಣಾರೆ ಕಾಣಲಾರರು, ಆಗಿಹೋದ ಸಾವು ಮಾತ್ರ ಪ್ರತಿ ವರ್ಷ ಸುದ್ದಿಯಾಗುತ್ತದೆ. ರಾಜಕಾರಣಿಗಳಿಗೆ ಇದನ್ನು ಮತದಾರರ ಮುಂದೆ ವಿವರಿಸುವುದು ಸುಲಭವಾಗಲಿಲ್ಲ. 2024ರಲ್ಲಿ ಸಂಖ್ಯೆ 1,185ಕ್ಕೆ ಇಳಿದಿದೆ.

ಚಟಕ್ಕೆ ಪೂರ್ತಿ ಸಿಕ್ಕಿಬಿದ್ದವರ ವಿಷಯದಲ್ಲಿ ವರದಿಗಳು ಹೇಳಿದ್ದು ಬೇರೆಯೇ. ಅಂಥವರು ಕುಡಿಯುವುದನ್ನು ಕಡಿಮೆ ಮಾಡಿದ್ದಕ್ಕೆ ಸ್ಪಷ್ಟ ಪುರಾವೆ ಸಿಗಲಿಲ್ಲ. ಸೈಡರ್ ಬಿಟ್ಟು ವೋಡ್ಕಾಕ್ಕೆ ಹೋದವರಿದ್ದರು. ಊಟ ಕಡಿಮೆ ಮಾಡಿದವರು, ಕರೆಂಟು ಗ್ಯಾಸಿನ ಬಿಲ್ಲಿಗೆ ಇಟ್ಟ ಹಣ ಬಳಸಿದವರು, ಸಾಲ ಮಾಡಿದವರು ಸಂಶೋಧಕರ ಮುಂದೆ ತಮ್ಮ ಕಥೆ ಹೇಳಿದರು. ಬೆಲೆ ಏರಿದಾಗ ಗುಡಿಸಲಲ್ಲಾಗಲಿ ಫ್ಲಾಟಿನಲ್ಲಾಗಲಿ ಮೊದಲು ಬರಿದಾಗುವುದು ಅಡುಗೆಮನೆ ಎಂಬುದು ಕರ್ನಾಟಕದ ಹಳ್ಳಿಗಳ ಹೆಂಗಸರಿಗೆ ಹೊಸ ಸುದ್ದಿಯೇನಲ್ಲ. ಕಳ್ಳಬಟ್ಟಿ, ಮಾದಕ ದ್ರವ್ಯ, ಕಳ್ಳತನ ಹೆಚ್ಚುತ್ತದೆ ಎಂದು ಮೊದಲು ಹೆದರಿಸಲಾಗಿತ್ತು. ಆ ಪ್ರಮಾಣದಲ್ಲಿ ಅವು ಎಲ್ಲೂ ಕಂಡುಬರಲಿಲ್ಲ. ಗಡಿ ದಾಟಿ ಇಂಗ್ಲೆಂಡಿನ ಅಂಗಡಿಗಳಿಗೆ ಹೋಗಿ ತರುವವರು ಇದ್ದರೂ ಒಟ್ಟು ಲೆಕ್ಕವನ್ನು ಕೆಡಿಸುವಷ್ಟು ಇರಲಿಲ್ಲ. ಅಪರಾಧ ಇಳಿದದ್ದೂ ಇಲ್ಲ.

ಇದು ಬಡವರ ಮೇಲಿನ ತೆರಿಗೆ ಎಂಬ ಆರೋಪವನ್ನೂ ಈ ಹಿನ್ನೆಲೆಯಲ್ಲಿಯೇ ನೋಡಬೇಕು. ಅಗ್ಗದ ಮದ್ಯ ಕೊಳ್ಳುವವರಲ್ಲಿ ಬಡವರು ಹೆಚ್ಚು, ಹಾಗಾಗಿ ಭಾರ ಅವರ ಮೇಲೆಯೇ ಎಂಬುದು ನಿಜ. ತಪ್ಪಿದ ಸಾವುಗಳೂ ಅವರವೇ ಎಂಬುದೂ ಅಷ್ಟೇ ನಿಜ. ವಾರಕ್ಕೆರಡು ಬಿಯರ್ ಕುಡಿಯುವ ಬಡ ಕಾರ್ಮಿಕನ ಖರ್ಚು ಹೆಚ್ಚಾದದ್ದು ಅತ್ಯಲ್ಪ. ದಿನವೂ ಕುಡಿಯುವ, ಇನ್ನೂ ಕೈಮೀರದ ವ್ಯಕ್ತಿಗೆ ಇದರಿಂದ ಉಪಕಾರವಾಗಿರುವಂತೆ ತೋರುತ್ತದೆ. ಕೈಮೀರಿದವನಿಗೆ ಬೇಕಾದದ್ದು ಚಿಕಿತ್ಸೆ. ಆದರೆ ಸ್ಕಾಟ್ಲೆಂಡಿನಲ್ಲಿ ಕುಡಿತದ ಚಟಕ್ಕೆ ವಿಶೇಷ ಚಿಕಿತ್ಸೆ ಪಡೆಯುವವರ ಸಂಖ್ಯೆ ಹತ್ತು ವರ್ಷದಲ್ಲಿ ಸುಮಾರು ಶೇಕಡಾ 40ರಷ್ಟು ಕುಸಿಯಿತು. ಬೆಲೆಯ ಬಗ್ಗೆ ನಡೆದ ಗಲಾಟೆಯ ಹತ್ತನೇ ಒಂದು ಪಾಲೂ ಇದರ ಬಗ್ಗೆ ನಡೆಯಲಿಲ್ಲ.

2024ರ ಏಪ್ರಿಲಿನಲ್ಲಿ ಷರತ್ತಿನ ಗಡುವು ಮುಗಿಯುವ ಮುನ್ನ ಪಾರ್ಲಿಮೆಂಟು ಕಾನೂನನ್ನು ಮುಂದುವರಿಸಲು ಮತ ಹಾಕಿತು, ಸೆಪ್ಟೆಂಬರ್ 30ರಿಂದ ಯೂನಿಟ್ ಬೆಲೆ 65 ಪೆನ್ಸ್ ಆಯಿತು. ಇದು ನಿಜಕ್ಕೂ ಹೆಚ್ಚಳವೇ ಎಂಬುದರಲ್ಲೂ ತಕರಾರಿದೆ. ಬೆಲೆಯೇರಿಕೆಯಿಂದ ಹಳೆಯ 50 ಪೆನ್ಸ್ ವರ್ಷ ವರ್ಷಕ್ಕೂ ಸವೆದಿತ್ತು. ಬಹುಪಾಲು, ಸವೆದದ್ದನ್ನು ತುಂಬಿಕೊಂಡಂತಾಯಿತು ಅಷ್ಟೆ. ಈಗ 700 ಮಿಲಿಲೀಟರ್ ವಿಸ್ಕಿಗೆ ಕನಿಷ್ಠ 18 ಪೌಂಡ್ 20 ಪೆನ್ಸ್, ಅರ್ಧ ಲೀಟರ್ ಬಿಯರಿಗೆ 1 ಪೌಂಡ್ 30 ಪೆನ್ಸ್. ಹಣದುಬ್ಬರಕ್ಕೆ ತಕ್ಕಂತೆ ಗೆರೆ ತಾನಾಗಿಯೇ ಏರುವ ವ್ಯವಸ್ಥೆ ಬೇಕೆಂದು ಆರೋಗ್ಯ ಸಂಘಟನೆಗಳು ಕೇಳುತ್ತಿವೆ.

ಸ್ಕಾಟ್ಲೆಂಡಿನ ಬೆನ್ನಿಗೆ ವೇಲ್ಸ್ 2020ರ ಮಾರ್ಚಿನಲ್ಲಿ 50 ಪೆನ್ಸ್ ಜಾರಿಗೊಳಿಸಿತು. ಐರ್ಲೆಂಡ್ 2022ರ ಜನವರಿ 4ರಿಂದ ಒಂದು ಗ್ರಾಂ ಮದ್ಯಸಾರಕ್ಕೆ 10 ಸೆಂಟ್ ಎಂದು ನಿಗದಿಪಡಿಸಿದೆ. ಇಂಗ್ಲೆಂಡಿನಲ್ಲಿ ಡೇವಿಡ್ ಕ್ಯಾಮರಾನ್ ಸರ್ಕಾರ 2012ರಲ್ಲಿ ಇದನ್ನು ಘೋಷಿಸಿ ಮರುವರ್ಷವೇ ಕೈಬಿಟ್ಟಿತು. ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿ 2018ರ ಅಕ್ಟೋಬರಿನಿಂದ ಒಂದು ‘ಸ್ಟ್ಯಾಂಡರ್ಡ್ ಡ್ರಿಂಕ್’ಗೆ 1.30 ಡಾಲರ್ ಕನಿಷ್ಠ ಬೆಲೆ ಇಟ್ಟಿತ್ತು. ಸರ್ಕಾರ ಬದಲಾದ ಮೇಲೆ 2025ರಲ್ಲಿ ಅದನ್ನು ತೆಗೆದುಹಾಕಲಾಯಿತು.

ಅಂಗಡಿಗಳಿಗೆ ಸೇರುವ ಹೆಚ್ಚುವರಿ ಹಣದ ಪ್ರಶ್ನೆ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ. ಮದ್ಯ ಮತ್ತು ತಂಬಾಕು ಎರಡನ್ನೂ ಮಾರುವ ದೊಡ್ಡ ಅಂಗಡಿಗಳ ಮೇಲೆ ಸ್ಕಾಟ್ಲೆಂಡ್ 2012ರಿಂದ 2015ರವರೆಗೆ ವಿಶೇಷ ಕರ ಹಾಕಿತ್ತು. ಅದನ್ನು ಮರಳಿ ತಂದು ಆ ಹಣದಿಂದ ಚಿಕಿತ್ಸಾ ಕೇಂದ್ರಗಳನ್ನು ನಡೆಸಬೇಕೆಂಬುದು ವೈದ್ಯರ ಮತ್ತು ಆರೋಗ್ಯ ಸಂಘಟನೆಗಳ ಒತ್ತಾಯ. ಈಗಾಗಲೇ ಇರುವ ತೆರಿಗೆಗಳೇ ಭಾರವಾಗಿವೆ ಎಂಬುದು ವ್ಯಾಪಾರಿಗಳ ಉತ್ತರ. 65 ಪೆನ್ಸಿನ ಬೆಲೆ ಜಾರಿಯಾದಾಗ ಆ ಕರ ಅದರ ಜತೆಗೆ ಬರಲಿಲ್ಲ.